ಕೇಳುವ ಹಕ್ಕು ಯಾರದು?

ಕನಕಪುರದಿಂದ ಮಳವಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಸಾತನೂರು ಸಿಗುತ್ತದೆ. ಆ ಸೀಮೆಯ ಕಬ್ಬಾಳು ಎಂದರೆ ಇಂದಿನವರಿಗೆ ಕಬ್ಬಾಳಮ್ಮನ ಗುಡಿ, ಹರಕೆ, ಜಾತ್ರೆ ನೆನಪಾಗುತ್ತವೆ. ಆದರೆ ಆ ಊರಿನ ನೆತ್ತಿಯ ಮೇಲೆ ಕಡಿದಾಗಿ ಎದ್ದು ನಿಂತಿರುವ ಕಬ್ಬಾಳದುರ್ಗ ಒಂದು ಕಾಲದಲ್ಲಿ ಹೆಸರು ಕೇಳಿದರೇ ಜನ ನಡುಗುವಂತಹ ಸೆರೆಮನೆಯಾಗಿತ್ತು.

1732ರಲ್ಲಿ ಮೈಸೂರಿನ ಗಾದಿಗೆ ಬಂದ ಚಾಮರಾಜ ಒಡೆಯರನ್ನು ಎರಡೇ ವರ್ಷಗಳಲ್ಲಿ, 1734ರಲ್ಲಿ, ದಳವಾಯಿ ದೇವರಾಜಯ್ಯ ಮತ್ತು ಅವರ ಕಡೆಯವರು ಪದಚ್ಯುತಗೊಳಿಸಿ ಇದೇ ಬೆಟ್ಟಕ್ಕೆ ಕಳಿಸಿದರು. ರಾಜರು ಇಲ್ಲಿಯೇ ತೀರಿಕೊಂಡರು. ಮುಂದೆ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿಯೂ ಕಬ್ಬಾಳದುರ್ಗ ಸೆರೆಮನೆಯಾಗಿಯೇ ಉಳಿಯಿತು. ಅಲ್ಲಿನ ಗಾಳಿ, ನೀರು ವಿಷವೆಂದೂ, ಅಲ್ಲಿಗೆ ಹೋದ ಕೈದಿ ಹೆಚ್ಚು ದಿನ ಬದುಕುವುದಿಲ್ಲವೆಂದೂ ಪ್ರತೀತಿ ಇತ್ತು. ಬ್ರಿಟಿಷರು ತಮ್ಮ ಗೆಜೆಟಿಯರಿನಲ್ಲಿ ಇದನ್ನು ಬರೆದಿಟ್ಟರು. ಬ್ರಿಟಿಷರು ಸುಲ್ತಾನರ ಬಗ್ಗೆ ಬರೆದದ್ದನ್ನೆಲ್ಲ ಹಾಗೆಯೇ ನಂಬಬೇಕಾಗಿಲ್ಲ ಎನ್ನುವುದು ನಿಜ. ಹಾಗೆಂದು ಟಿಪ್ಪುವಿನ ಮೇಲಿನ ಅಭಿಮಾನಕ್ಕಾಗಿ ಕಬ್ಬಾಳದುರ್ಗದ ಕೈದಿಗಳನ್ನು ಮರೆಯಬೇಕಾಗಿಯೂ ಇಲ್ಲ. ಹಿಂದೂ ದಳವಾಯಿ ತನ್ನ ಅರಸನನ್ನೇ ಹಾಕಿದ ಸೆರೆಮನೆಯನ್ನು ಮುಸ್ಲಿಂ ಅರಸರೂ ಬಳಸಿದರು. ಅಧಿಕಾರಕ್ಕೆ ಆ ವಿಷಯದಲ್ಲಿ ಜಾತಿ ಧರ್ಮಗಳ ಭೇದವಿರಲಿಲ್ಲ.

ಇಲ್ಲಿ ನಾವು ಗಮನಿಸಬೇಕಾದ ಸಂಗತಿ ಬೇರೆ. ಆ ಬೆಟ್ಟಕ್ಕೆ ಹೋದ ಕೈದಿಯ ಪರವಾಗಿ ಅವನ ಹೆಂಡತಿಯೋ ತಮ್ಮನೋ 'ಯಾಕೆ ಹಿಡಿದಿರಿ' ಎಂದು ಕೇಳಬೇಕೆಂದರೆ ಎಲ್ಲಿಗೆ ಹೋಗಬೇಕಿತ್ತು? ಹಿಡಿದವನ ಬಳಿಗೇ ಹೋಗಬೇಕಿತ್ತು. ನಮ್ಮ ಆಡಳಿತದ ಮಾತುಗಳಲ್ಲಿ ಅರ್ಧದಷ್ಟು ಫಾರಸಿಯಿಂದ ಬಂದವು. ಸರ್ಕಾರ, ಹುಕುಂ, ಅರ್ಜಿ, ಕೈದಿ, ಜಾಮೀನು, ಗುಮಾನಿ. 'ಜವಾಬ್ದಾರಿ' ಎಂಬ ಮಾತೂ ಅಲ್ಲಿಂದಲೇ ಬಂದಿದೆ. ಜವಾಬು ಎಂದರೆ ಉತ್ತರ. ಜವಾಬು ಕೊಡಬೇಕಾದವನು ಜವಾಬ್ದಾರ. ಸರ್ಕಾರ ಎಂಬ ಮಾತನ್ನು ನಾವು ಬೇಗ ಕಲಿತೆವು. ಸರ್ಕಾರವೂ ಜವಾಬ್ದಾರನಾಗಬೇಕು ಎನ್ನುವುದನ್ನು ಕಲಿಯಲು ಬಹಳ ಕಾಲ ಹಿಡಿಯಿತು. ಇನ್ನೂ ಪೂರ್ತಿ ಕಲಿತಿಲ್ಲ.

1950ರ ಸಂವಿಧಾನ ಈ ಪಾಠವನ್ನು ಬರೆದುಕೊಟ್ಟಿತು. ಹಿಡಿದವನಿಗೆ ಕಾರಣ ಹೇಳಬೇಕು, ನ್ಯಾಯಾಲಯದ ಬಾಗಿಲು ತೆರೆದಿರಬೇಕು ಎಂದು ಅದು ಹೇಳಿತು. ಇಪ್ಪತ್ತೈದು ವರ್ಷಗಳ ನಂತರ ಆ ಬಾಗಿಲು ಮುಚ್ಚಿತು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ, ಶ್ಯಾಮ್ ನಂದನ್ ಮಿಶ್ರಾ ಮರುದಿನ ಇಲ್ಲಿಯೇ ಬಂಧಿತರಾಗಿ ಸೆಂಟ್ರಲ್ ಜೈಲು ಸೇರಿದರು. ಕರ್ನಾಟಕದ ರಾಮಕೃಷ್ಣ ಹೆಗಡೆ, ಎಚ್.ಡಿ. ದೇವೇಗೌಡ ಮುಂತಾದವರೂ ಸೆರೆಮನೆ ಕಂಡರು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ 1976ರ ಮೇ ತಿಂಗಳಲ್ಲಿ ಬಂಧಿತರಾದರು. ಆಸ್ತಮಾದಿಂದ ಬಳಲುತ್ತಿದ್ದ ಅವರನ್ನು ಎಂಟು ತಿಂಗಳು ಜೈಲಿನಲ್ಲಿಟ್ಟು, ಬದುಕುವುದಿಲ್ಲವೆನ್ನುವ ಸ್ಥಿತಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. 1977ರ ಜನವರಿ 20ರಂದು ಅವರು ತೀರಿಕೊಂಡರು. ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆ ಎಂದು ಹೇಳಿಸಲು ಅವರ ತಮ್ಮ ಲಾರೆನ್ಸ್ ಅವರಿಗೆ ಪೊಲೀಸರು ಕೊಟ್ಟ ಹಿಂಸೆ ಕರ್ನಾಟಕದ ಇತಿಹಾಸಕ್ಕೆ ಅಂಟಿದ ಕಲೆ.

ಬಂಧಿತರು ಹೈಕೋರ್ಟಿಗೆ ಹೋದರು. ಕರ್ನಾಟಕವೂ ಸೇರಿದಂತೆ ಹಲವು ಹೈಕೋರ್ಟ್‌ಗಳು 'ಅರ್ಜಿಯನ್ನು ನಾವು ಕೇಳಬಹುದು' ಎಂದವು. ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ವಿಚಾರಣೆಯ ವೇಳೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ಅವರಿಗೆ ಒಂದು ಪ್ರಶ್ನೆ ಹಾಕಿದರು. ಪೊಲೀಸನೊಬ್ಬ ಸ್ವಂತ ಹಗೆಯಿಂದ ಯಾರನ್ನಾದರೂ ಕೊಂದುಬಿಟ್ಟರೆ, ಆಗಲೂ ನ್ಯಾಯಾಲಯಕ್ಕೆ ಬರುವಂತಿಲ್ಲವೇ? ತುರ್ತುಪರಿಸ್ಥಿತಿ ಇರುವವರೆಗೆ ಪರಿಹಾರವಿಲ್ಲ ಎನ್ನುವುದೇ ಸರ್ಕಾರದ ಉತ್ತರವಾಗಿತ್ತು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಮಾತನ್ನೇ ಒಪ್ಪಿದರು. ಒಪ್ಪದೆ ಉಳಿದವರು ಖನ್ನಾ ಒಬ್ಬರೇ. ಅವರಿಗಿಂತ ಕಿರಿಯರಾದವರು 1977ರಲ್ಲಿ ಮುಖ್ಯ ನ್ಯಾಯಮೂರ್ತಿಯಾದರು, ಖನ್ನಾ ರಾಜೀನಾಮೆ ಕೊಟ್ಟು ಹೊರಟರು. ಕಬ್ಬಾಳದುರ್ಗದ ಕೈದಿಗೂ 1976ರ ಕೈದಿಗೂ ಆ ದಿನ ವ್ಯತ್ಯಾಸ ಉಳಿದಿರಲಿಲ್ಲ.

ಆ ಕಹಿಯನ್ನು ಉಂಡವರೇ ಮುಂದೆ ಕರ್ನಾಟಕದಲ್ಲಿ ಅಧಿಕಾರಕ್ಕೆ ಬಂದರು. ನಮ್ಮ ತಾಲ್ಲೂಕಿಗೆ ಆ ಕಥೆಯಲ್ಲಿ ವಿಶೇಷ ಸ್ಥಾನವಿದೆ. 1983ರ ಜನವರಿಯಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಯಾದಾಗ ರಾಮಕೃಷ್ಣ ಹೆಗಡೆ ವಿಧಾನಸಭೆಯ ಸದಸ್ಯರಾಗಿರಲಿಲ್ಲ. ಪಿ.ಜಿ.ಆರ್. ಸಿಂಧ್ಯಾ ಕನಕಪುರ ಕ್ಷೇತ್ರವನ್ನು ಬಿಟ್ಟುಕೊಟ್ಟರು, ಕನಕಪುರದ ಜನ ಹೆಗಡೆಯವರನ್ನು ಗೆಲ್ಲಿಸಿದರು. ಆಗ ಪ್ರತ್ಯೇಕ ಕ್ಷೇತ್ರವಾಗಿದ್ದ ಸಾತನೂರಿನಿಂದ 1985ರಲ್ಲಿ ದೇವೇಗೌಡರು ಗೆದ್ದರು. ಮುಂದೆ ಒಬ್ಬರ ಎದುರು ಒಬ್ಬರು ನಿಂತ ಈ ಇಬ್ಬರಿಗೂ ಒಂದೇ ತಾಲ್ಲೂಕಿನ ಜನ ಮತ ಹಾಕಿದ್ದರು.

ಹೆಗಡೆಯವರ ಸರ್ಕಾರ 1984ರಲ್ಲಿ ಲೋಕಾಯುಕ್ತ ಕಾಯ್ದೆ ತಂದಿತು. ಮಂತ್ರಿಯಿಂದ ಹಿಡಿದು ಗುಮಾಸ್ತನವರೆಗೆ ಯಾರ ಮೇಲೆ ದೂರಿದ್ದರೂ ವಿಚಾರಿಸುವ, ಸರ್ಕಾರಕ್ಕೆ ಸೇರದ ಒಂದು ಸಂಸ್ಥೆ ಬೇಕು ಎನ್ನುವುದು ಅದರ ಆಶಯ. ಸರ್ಕಾರ ತಾನಾಗಿಯೇ ತನ್ನ ಮೇಲೆ ಒಬ್ಬ ಕಾವಲುಗಾರನನ್ನು ನೇಮಿಸಿಕೊಂಡದ್ದು ಸಣ್ಣ ಸಂಗತಿಯಲ್ಲ. ಅದೇ ಸರ್ಕಾರ 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪಕ್ಕೆ ಸಿಕ್ಕಿಕೊಂಡಿತು. ಅಜಿತ್ ಸಿಂಗ್ ಮತ್ತು ದೇವೇಗೌಡರ ನಡುವೆ ನಡೆದದ್ದೆನ್ನಲಾದ ಫೋನ್ ಮಾತುಕತೆ ಪತ್ರಿಕೆಗಳಲ್ಲಿ ಬಂತು. ರಾಜಕಾರಣಿಗಳ ಫೋನುಗಳನ್ನು ಆಲಿಸಲಾಗಿದೆ ಎಂಬ ವಿಷಯ ಸಂಸತ್ತಿನಲ್ಲಿ ಗದ್ದಲವೆಬ್ಬಿಸಿತು. ತಾವು ಆದೇಶ ಕೊಟ್ಟಿಲ್ಲ ಎಂದೇ ಹೆಗಡೆ ಹೇಳಿದರು. ಆದರೂ ನೈತಿಕ ಹೊಣೆ ಹೊತ್ತು ಆಗಸ್ಟ್ 10ರಂದು ರಾಜೀನಾಮೆ ಕೊಟ್ಟರು.

ಈ ಪ್ರಸಂಗದಲ್ಲಿ ಎರಡು ಪಾಠಗಳಿವೆ. ಸೆರೆಮನೆಯಲ್ಲಿದ್ದು ಬಂದವರ ಸರ್ಕಾರದಲ್ಲಿಯೂ ಕದ್ದು ಕೇಳುವ ಕಿವಿ ಬೆಳೆಯಬಹುದು ಎನ್ನುವುದು ಒಂದು. ಒಳ್ಳೆಯವರು ಅಧಿಕಾರಕ್ಕೆ ಬಂದರೆ ಸಾಕು, ಕಾನೂನಿನ ಕಾವಲು ಬೇಡ ಎನ್ನುವವರಿಗೆ ಇದೇ ಉತ್ತರ. ಆರೋಪ ಬಂದಾಗ ಕುರ್ಚಿ ಬಿಡುವುದು ಆಗ ಇನ್ನೂ ಸಾಧ್ಯವಿತ್ತು ಎನ್ನುವುದು ಇನ್ನೊಂದು.

ಈ ರಾಜೀನಾಮೆಯ ಮಾತು ಬಂದರೆ ಅಮೆರಿಕದ ವಾಟರ್‌ಗೇಟ್ ಪ್ರಕರಣ ನೆನಪಾಗುತ್ತದೆ. 1972ರ ಜೂನ್ 17ರಂದು ವಾಷಿಂಗ್ಟನ್ನಿನಲ್ಲಿ ವಿರೋಧ ಪಕ್ಷದ ಕಚೇರಿಗೆ ನುಗ್ಗಿದ ಐವರು ಸಿಕ್ಕಿಬಿದ್ದರು. ಮಾತು ಕದ್ದು ಕೇಳುವ ಯಂತ್ರಗಳು ಅವರ ಬಳಿ ಇದ್ದವು. ಅಧ್ಯಕ್ಷ ರಿಚರ್ಡ್ ನಿಕ್ಸನ್ ತಮ್ಮ ಕಚೇರಿಯ ಮಾತುಗಳನ್ನೆಲ್ಲ ತಾವೇ ಧ್ವನಿಮುದ್ರಿಸಿಕೊಳ್ಳುತ್ತಿದ್ದರೆಂದು ಮರುವರ್ಷ ಬಯಲಾಯಿತು. ಆ ಟೇಪುಗಳನ್ನು ಕೊಡಿ ಎಂದು 1974ರ ಜುಲೈ 24ರಂದು ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಆದೇಶಿಸಿತು. ಆ ತೀರ್ಪು ಕೊಟ್ಟವರಲ್ಲಿ ನಿಕ್ಸನ್ ಅವರೇ ನೇಮಿಸಿದ ನ್ಯಾಯಮೂರ್ತಿಗಳೂ ಇದ್ದರು. ಆಗಸ್ಟ್ 9ರಂದು ನಿಕ್ಸನ್ ಹೊರಟುಹೋದರು. ಮುಂದಿನ ತಿಂಗಳೇ ಹೊಸ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರಿಗೆ ಕ್ಷಮಾದಾನ ಕೊಟ್ಟರು. ಕುರ್ಚಿ ಹೋಯಿತು, ಶಿಕ್ಷೆ ಆಗಲಿಲ್ಲ.

ಅಷ್ಟಕ್ಕೇ ನಿಲ್ಲದೆ ಅಮೆರಿಕದ ಸೆನೆಟ್ 1975ರಲ್ಲಿ ಫ್ರಾಂಕ್ ಚರ್ಚ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿ ಗುಪ್ತಚರ ಸಂಸ್ಥೆಗಳ ಕಡತಗಳನ್ನೇ ತೆರೆಸಿತು. ಮಾರ್ಟಿನ್ ಲೂಥರ್ ಕಿಂಗ್ ಅವರ ಬೆನ್ನು ಹತ್ತಿ ಎಫ್‌ಬಿಐ ನಡೆಸಿದ ಕಿರುಕುಳವನ್ನು ಆ ಸಮಿತಿ ಜನರ ಮುಂದಿಟ್ಟಿತು. 1978ರಲ್ಲಿ ಹೊಸ ಕಾನೂನು ಬಂತು. ದೇಶದೊಳಗೆ ಗುಪ್ತಚರ ಕಾರಣಕ್ಕೆ ಫೋನ್ ಆಲಿಸಬೇಕಾದರೂ ನ್ಯಾಯಾಧೀಶರ ಅಪ್ಪಣೆ ಬೇಕು ಎಂದಾಯಿತು.

ಆದರೆ 2001ರ ಸೆಪ್ಟೆಂಬರ್ ದಾಳಿಯ ನಂತರ ಆ ಬೇಲಿಯನ್ನು ಸರ್ಕಾರವೇ ಹಾರಿತು. ಅಪ್ಪಣೆಯಿಲ್ಲದೆ ಫೋನ್ ಆಲಿಸುತ್ತಿದ್ದ ಸಂಗತಿ 2005ರ ಡಿಸೆಂಬರಿನಲ್ಲಿ ಪತ್ರಿಕೆಯಿಂದ ಹೊರಬಿತ್ತು. ನ್ಯೂಯಾರ್ಕಿನ ಪೊಲೀಸರು ಮಸೀದಿ, ಮುಸ್ಲಿಮರ ಅಂಗಡಿ, ಹೋಟೆಲು, ವಿದ್ಯಾರ್ಥಿ ಸಂಘಗಳ ಮೇಲೆ ಕಣ್ಣಿಟ್ಟು ಯಾರು ಎಲ್ಲಿ ಏನು ಮಾತನಾಡಿದರೆಂದು ಬರೆದುಕೊಂಡದ್ದು 2011ರಲ್ಲಿ ಬಯಲಾಯಿತು. ಆ ಘಟಕದ ಕೆಲಸದಿಂದ ಭಯೋತ್ಪಾದನೆಯ ಒಂದೇ ಒಂದು ತನಿಖೆಗೂ ಸುಳಿವು ಸಿಕ್ಕಿಲ್ಲವೆಂದು ಅಲ್ಲಿನ ಪೊಲೀಸ್ ಅಧಿಕಾರಿಯೇ ಪ್ರಮಾಣ ಮಾಡಿ ಹೇಳಿದರು. 2014ರಲ್ಲಿ ಅದನ್ನು ಮುಚ್ಚಿದರು. ಗುಮಾನಿ ಒಂದು ಸಮುದಾಯದ ಮೇಲೆ ಬಿದ್ದಾಗ ಉಳಿದವರು ಸುಮ್ಮನಿರುತ್ತಾರೆ. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಗೆ ತಂದ ಕಡತಗಳು ಕೋಟ್ಯಂತರ ಸಾಮಾನ್ಯ ಅಮೆರಿಕನ್ನರ ಕರೆಗಳ ವಿವರವೂ ಸರ್ಕಾರದ ಬಳಿ ಸೇರುತ್ತಿದೆ ಎಂದು ತೋರಿಸಿದವು. ನೆರೆಯವನಿಗಾಗಿ ತೆಗೆದ ಬಾಗಿಲಿನಿಂದ ಅದು ಎಲ್ಲರ ಮನೆಗೂ ಬಂದಿತ್ತು.

ನಮ್ಮಲ್ಲಿ ಫೋನ್ ಆಲಿಸಲು ಸರ್ಕಾರಕ್ಕೆ ಅಧಿಕಾರ ಕೊಟ್ಟದ್ದು ಬ್ರಿಟಿಷರು 1885ರಲ್ಲಿ ಮಾಡಿದ ಟೆಲಿಗ್ರಾಫ್ ಕಾಯ್ದೆ. ಸ್ವಾತಂತ್ರ್ಯ ಬಂದ ಮೇಲೂ ಅದು ಉಳಿಯಿತು. ಪಿಯುಸಿಎಲ್ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ 1996ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ಕೆಲವು ಕಟ್ಟುಪಾಡು ಹಾಕಿತು. ಗೃಹ ಕಾರ್ಯದರ್ಶಿಯೇ ಆದೇಶ ಕೊಡಬೇಕು, ಆದೇಶಕ್ಕೆ 2 ತಿಂಗಳ ಅವಧಿ, ಎಷ್ಟು ಮುಂದುವರಿಸಿದರೂ 6 ತಿಂಗಳು ಮೀರಬಾರದು, ಪರಿಶೀಲನೆಗೆ ಸಮಿತಿ ಇರಬೇಕು. ಆದರೆ ಆದೇಶ ಕೊಡುವವರೂ ಅಧಿಕಾರಿಗಳೇ, ಪರಿಶೀಲಿಸುವ ಸಮಿತಿಯಲ್ಲಿರುವವರೂ ಅಧಿಕಾರಿಗಳೇ. ನ್ಯಾಯಾಧೀಶರ ಅಪ್ಪಣೆ ಬೇಕೆಂದು ಕೋರ್ಟ್ ಹೇಳಲಿಲ್ಲ. 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂತು, 2024ರಲ್ಲಿ ಹೊಸ ನಿಯಮಗಳೂ ಬಂದವು. ನ್ಯಾಯಾಧೀಶರಿಗೆ ಅದರಲ್ಲಿಯೂ ಜಾಗವಿಲ್ಲ.

ಕರ್ನಾಟಕದಲ್ಲಿ 2019ರಲ್ಲಿ ಮತ್ತೆ ಕದ್ದಾಲಿಕೆಯ ಆರೋಪ ಎದ್ದಿತು. ಹೊಸ ಸರ್ಕಾರ ಹಿಂದಿನ ಸರ್ಕಾರದ ಕಾಲದ ಪ್ರಕರಣವನ್ನು ಸಿಬಿಐಗೆ ಒಪ್ಪಿಸಿತು. 2021ರಲ್ಲಿ ಪೆಗಾಸಸ್ ಎಂಬ ಗೂಢಚಾರಿ ತಂತ್ರಾಂಶದ ಸುದ್ದಿ ಬಂದಾಗ ಗುರಿಯಾಗಿರಬಹುದಾದವರ ಪಟ್ಟಿಯಲ್ಲಿ ಕರ್ನಾಟಕದ ನಾಯಕರ ಆಪ್ತರ ಸಂಖ್ಯೆಗಳೂ ಇದ್ದವು. ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ತಜ್ಞರ ಸಮಿತಿ ನೇಮಿಸಿತು. ಪರೀಕ್ಷಿಸಿದ 29 ಫೋನುಗಳಲ್ಲಿ 5ರಲ್ಲಿ ಯಾವುದೋ ಕಳ್ಳ ತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ಕೇಂದ್ರ ಸರ್ಕಾರ ಸಮಿತಿಗೆ ಸಹಕರಿಸಲಿಲ್ಲ ಎಂದು 2022ರ ಆಗಸ್ಟಿನಲ್ಲಿ ಕೋರ್ಟೇ ಹೇಳಿತು.

ಹೆಗಡೆಯವರ ಲೋಕಾಯುಕ್ತದ ಗತಿ ಏನಾಯಿತು? 2011ರ ಜುಲೈನಲ್ಲಿ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಕೊಟ್ಟ ಅಕ್ರಮ ಗಣಿಗಾರಿಕೆ ವರದಿಯಿಂದ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಕುರ್ಚಿ ಬಿಡಬೇಕಾಯಿತು. ಕಾವಲುಗಾರನಿಗೆ ಹಲ್ಲಿದೆ ಎಂದು ಗೊತ್ತಾಯಿತು. 2016ರಲ್ಲಿ ಬೇರೆ ಪಕ್ಷದ ಸರ್ಕಾರ ತನ್ನ ಕೈಕೆಳಗಿನ ಭ್ರಷ್ಟಾಚಾರ ನಿಗ್ರಹ ದಳವನ್ನು ಕಟ್ಟಿ ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಅದಕ್ಕೆ ವರ್ಗಾಯಿಸಿತು. ನಂತರ ಬಂದ ಸರ್ಕಾರಗಳೂ ಅದನ್ನು ಹಾಗೆಯೇ ಉಳಿಸಿಕೊಂಡವು. 2022ರ ಆಗಸ್ಟ್ 11ರಂದು ಹೈಕೋರ್ಟ್ ಆ ದಳವನ್ನು ರದ್ದುಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಪಕ್ಷಗಳು ಬೇರೆ ಬೇರೆ. ಕಾವಲುಗಾರನ ಹಲ್ಲು ಕೀಳುವ ವಿಷಯದಲ್ಲಿ ಎಲ್ಲರದೂ ಒಂದೇ ಪಂಗಡ.

ಭರವಸೆಯ ಒಂದು ಕಥೆಯೂ ಇದೆ, ಅದೂ ಕರ್ನಾಟಕದ್ದೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ತಮ್ಮ ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಅದು ಮೂಲಭೂತ ಹಕ್ಕು ಎಂದರು. 1976ರ ತುರ್ತುಪರಿಸ್ಥಿತಿಯ ತೀರ್ಪು ತಪ್ಪು ಎಂದು ಅದೇ ದಿನ ತಳ್ಳಿಹಾಕಿದರು. ಖನ್ನಾ ಅವರ ಒಂಟಿ ದನಿಗೆ ನಲವತ್ತೊಂದು ವರ್ಷಗಳ ನಂತರ ನ್ಯಾಯ ಸಿಕ್ಕಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಇಸ್ಲಾಮೀ ಪರಂಪರೆಯಲ್ಲಿ ಖಲೀಫಾ ಉಮರ್ ಅವರ ಬಗ್ಗೆ ಒಂದು ಕಥೆ ಹೇಳುತ್ತಾರೆ. ರಾತ್ರಿ ಮದೀನಾದ ಬೀದಿಯಲ್ಲಿ ಗಸ್ತು ತಿರುಗುತ್ತಿದ್ದಾಗ ಒಂದು ಮನೆಯಿಂದ ಸದ್ದು ಕೇಳಿ ಅವರು ಗೋಡೆ ಹತ್ತಿ ಒಳಗಿಳಿದರು. ಮನೆಯವನು ತಪ್ಪು ಮಾಡುತ್ತಿದ್ದುದು ನಿಜವಾಗಿತ್ತು. ಆದರೆ ಅವನು ಖಲೀಫರಿಗೇ ಎದುರು ಹೇಳಿದ. ನನ್ನದು ಒಂದು ತಪ್ಪು, ನಿಮ್ಮದು ಮೂರು. ಗೂಢಚಾರಿಕೆ ಮಾಡಿದಿರಿ, ಬಾಗಿಲು ಬಿಟ್ಟು ಗೋಡೆ ಹಾರಿದಿರಿ, ಸಲಾಮು ಹೇಳದೆ ಬಂದಿರಿ. ಕುರ್‌ಆನ್ ಈ ಮೂರನ್ನೂ ಬೇಡವೆಂದಿದೆ. ಉಮರ್ ಬಂದ ದಾರಿಗೆ ಮರಳಿದರು. ಈ ಕಥೆಯಲ್ಲಿ ದೊಡ್ಡವರು ಯಾರು? ಮರಳಿದ ಖಲೀಫರೂ ದೊಡ್ಡವರೇ. ಅಷ್ಟೇ ದೊಡ್ಡದು ಆ ಹೆಸರಿಲ್ಲದ ಮನುಷ್ಯನಿಗೆ ಇದ್ದ ಧೈರ್ಯ, ತಾನು ಹೇಳಿದರೆ ಖಲೀಫ ಕೇಳುತ್ತಾರೆ ಎಂಬ ನಂಬಿಕೆ.

ನಮ್ಮ ಕಡೆಯ ರೇಷ್ಮೆ ಬೆಳೆಗಾರನಿಗೆ ಇದನ್ನೆಲ್ಲ ಹೇಳಿದರೆ, 'ನನ್ನ ಫೋನು ಕೇಳಿದರೆ ಅವರಿಗೆ ಗೂಡಿನ ರೇಟು ಬಿಟ್ಟು ಇನ್ನೇನು ಸಿಗುತ್ತೆ ಬಿಡಿ ಸಾರ್' ಎಂದು ನಕ್ಕಾನು. ನಿಜ. ಮುಚ್ಚಿಡಲು ಅವನಲ್ಲಿ ಏನೂ ಇಲ್ಲ. ಆದರೆ ನಾಳೆ ಅವನ ಜಮೀನು ಹೋಗುತ್ತದೆಂದಾಗ ಅವನ ಪರವಾಗಿ ಬರೆಯುವ ಪತ್ರಕರ್ತ, ವಾದಿಸುವ ವಕೀಲ, ಸದನದಲ್ಲಿ ಎದ್ದು ನಿಲ್ಲುವ ಶಾಸಕ ಇವರ ಮಾತುಗಳನ್ನು ಕದ್ದು ಕೇಳಲಾಗುತ್ತಿದ್ದರೆ ನಷ್ಟ ಅವನದೇ. ಕನ್ನಡದಲ್ಲಿ 'ಕೇಳು' ಎಂಬ ಮಾತಿಗೆ ಆಲಿಸು, ಪ್ರಶ್ನಿಸು ಎಂದು ಎರಡು ಅರ್ಥ. ಸರ್ಕಾರ ಮೊದಲನೆಯ ಅರ್ಥದಲ್ಲಿ ನಮ್ಮನ್ನು ಕೇಳುವ ಶಕ್ತಿಯನ್ನು ವರ್ಷ ವರ್ಷ ಹೆಚ್ಚಿಸಿಕೊಳ್ಳುತ್ತಿದೆ. ಎರಡನೆಯ ಅರ್ಥದಲ್ಲಿ ಸರ್ಕಾರವನ್ನು ಕೇಳುವ ಹಕ್ಕು ನಮ್ಮದು. ಆ ಹಕ್ಕನ್ನು ಚುನಾವಣೆಯ ದಿನಕ್ಕೆ ಮಾತ್ರ ಮೀಸಲಿಟ್ಟರೆ ಜವಾಬು ಸಿಗುವುದಿಲ್ಲ.