ಸಾಠ್ ಕಬರ್: ಅಫಜಲಖಾನನ ಮೇಲಿನ ಆರೋಪಕ್ಕೆ ಪ್ರಮಾಣವೇನು?

ವಿಜಯಪುರ ನಗರದ ಪಶ್ಚಿಮಕ್ಕೆ, ತೊರವಿ ತಿಕೋಟಾಗಳ ದಿಕ್ಕಿನ ಬಯಲಿನಲ್ಲಿ, ಅಫಜಲಖಾನನ ಅರಮನೆಯ ಹಾಳುಗೋಡೆಗಳಿಗೆ ಅನತಿದೂರದಲ್ಲಿ ಕರಿಕಲ್ಲಿನ ಗೋರಿಗಳ ಒಂದು ಸಮೂಹವಿದೆ. ಜನರು ಅದನ್ನು 'ಸಾಠ್ ಕಬರ್' ಎಂದು ಕರೆಯುವರು. ಹೆಸರಿನಂತೆ ಅವು ಅರುವತ್ತಾಗಬೇಕು, ಎಣಿಸಿದರೆ ಅರುವತ್ತಮೂರು. ಮೊದಲ ನಾಲ್ಕು ಸಾಲುಗಳಲ್ಲಿ ಹನ್ನೊಂದು ಹನ್ನೊಂದು, ಐದನೆಯದರಲ್ಲಿ ಐದು, ಉಳಿದೆರಡರಲ್ಲಿ ಏಳೇಳು. ಇವಲ್ಲದೆ ಬರಿದಾದ ಗುಂಡಿಯೊಂದುಂಟು. ಎಲ್ಲ ಗೋರಿಗಳೂ ಒಂದೇ ಆಕಾರ, ಒಂದೇ ಅಳತೆ. ಎಲ್ಲವುಗಳ ಮೇಲ್ಭಾಗವೂ ಚಪ್ಪಟೆ. ದಕ್ಷಿಣದ ಮುಸಲ್ಮಾನ ಗೋರಿಗಳಲ್ಲಿ ಇದು ಸ್ತ್ರೀಯರ ಗೋರಿಯ ಗುರುತು. ಯಾವುದರ ಮೇಲೂ ಹೆಸರಿಲ್ಲ.

ಇವುಗಳ ವಿಷಯವಾಗಿ ಹೇಳುವ ಕಥೆ ಪ್ರಸಿದ್ಧವಾದುದು. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಖಾನನಿಗೆ, ಜೀವಸಹಿತ ಹಿಂದಿರುಗಲಾರೆಯೆಂದು ಜೋಯಿಸರು ನುಡಿದರಂತೆ. ತಾನು ಸತ್ತ ಮೇಲೆ ತನ್ನ ಹೆಂಡಿರು ಪರರ ಪಾಲಾಗಬಾರದೆಂದು ಆತನು ಅವರನ್ನೆಲ್ಲ ಬಾವಿಯಲ್ಲಿ ಮುಳುಗಿಸಿ ಕೊಲ್ಲಿಸಿದನಂತೆ. ಬರಿದಾದ ಗುಂಡಿಯು ತಪ್ಪಿಸಿಕೊಂಡವಳೊಬ್ಬಳದೆಂದು ಕಥೆಯು ಮುಂದುವರಿಯುತ್ತದೆ. ಖಾನನು ಆ ವರ್ಷದ ನವೆಂಬರ 10ರಂದು ಪ್ರತಾಪಗಡದ ಬುಡದಲ್ಲಿ ಹತನಾದುದು ಇತಿಹಾಸ. ಅದಕ್ಕೆ ಮುಂಚಿನ ಈ ಅರುವತ್ತಮೂರು ಕೊಲೆಗಳು ಇತಿಹಾಸವೋ ಅಲ್ಲವೋ ಎಂಬುದೇ ಇಲ್ಲಿಯ ಪ್ರಶ್ನೆ. ಒಬ್ಬ ಮನುಷ್ಯನ ತಲೆಯ ಮೇಲೆ ಹೊರಿಸಿದ ಇಂತಹ ಪಾತಕವನ್ನು ಸಾಕ್ಷಿಯನ್ನು ಕೇಳದೆ ಪಠ್ಯಪುಸ್ತಕಗಳಿಗೆ ದಾಟಿಸುವುದು ಯುಕ್ತವಲ್ಲ. ಅಂತೆಯೇ ಅರುವತ್ತಮೂರು ಜನ ಸ್ತ್ರೀಯರ ಮರಣವನ್ನು ಬರಿಯ ಕಟ್ಟುಕಥೆಯೆಂದು ತಳ್ಳಿಬಿಡುವುದೂ ಯುಕ್ತವಲ್ಲ.

ಕಥೆಯು ಬರಹಕ್ಕಿಳಿದ ಬಗೆಯನ್ನು ಮೊದಲು ನೋಡಬೇಕು. 1818ರಲ್ಲಿ ಪೇಶ್ವೆಯ ಪತನವಾದ ಮೇಲೆ ಈ ಸೀಮೆಯು ಸಾತಾರೆಯ ರಾಜರಿಗೆ ಸೇರಿ, 1848ರಲ್ಲಿ ಇಂಗ್ಲಿಷರ ವಶವಾಯಿತು. 1864ರಲ್ಲಿ ಕಲಾದಗಿ ಜಿಲ್ಲೆಯು ಏರ್ಪಟ್ಟಿತು. 1885ರಲ್ಲಿ ಅದರ ಮುಖ್ಯಸ್ಥಾನವು ಬಿಜಾಪುರಕ್ಕೆ ಬಂದಿತು. ಹಾಳುಬಿದ್ದ ಮಹಲುಗಳು ಕಚೇರಿಗಳಾದ ಈ ಕಾಲದಲ್ಲಿಯೇ ಗುಮ್ಮಟ ಗೋರಿಗಳ ಅಳತೆ, ನಕಾಶೆ, ಸ್ಥಳೀಯ ವೃತ್ತಾಂತಗಳ ಸಂಗ್ರಹ ನಡೆದವು. ಪುರಾತತ್ತ್ವ ಇಲಾಖೆಯ ಹೆನ್ರಿ ಕಸಿನ್ಸರು ಈ ಕೆಲಸದಲ್ಲಿ ಅಗ್ರಗಣ್ಯರು. 1916ರ ಅವರ ಬಿಜಾಪುರ ಗ್ರಂಥದಲ್ಲಿ ಖಾನನ ಮಸೀದಿ, ಗೋರಿ, ಪತ್ನಿಯರ ಕಥೆ ಮೂರೂ ಇವೆ. ಮಸೀದಿಯು 1653ರಲ್ಲಿ ಮುಗಿಯಿತು. ಪಕ್ಕದ ಗೋರಿಯು ಮುಗಿಯುವ ಮೊದಲೇ ಖಾನನಿಗೆ ದಂಡಯಾತ್ರೆಯ ಅಪ್ಪಣೆ ಬಂದಿತು. ಹೊರಡುವ ವರ್ಷವನ್ನೇ ತನ್ನ ಮರಣವರ್ಷವೆಂದು ಆತನು ಕೆತ್ತಿಸಿದನೆಂದು ಹೇಳಿಕೆ. ಕಸಿನ್ಸರ ಕಣ್ಣು ಕಲ್ಲನ್ನು ಅಳೆಯುವುದರಲ್ಲಿ ನಿಪುಣವಾದುದು. ಆದರೆ ಕಥೆಯನ್ನು ಅಳೆಯುವ ಕೋಲು ಅವರ ಬಳಿಯೂ ಇರಲಿಲ್ಲ. ಎರಡು ನೂರು ವರ್ಷಗಳಿಗೂ ಮಿಕ್ಕಿ ಕಳೆದ ಮೇಲೆ ಅವರು ಕೇಳಿದುದು ಊರಿನವರ ಬಾಯಿಮಾತು.

ಇದರ ನಡುವೆ ಮೆಡೋಸ್ ಟೇಲರನು ತನ್ನ 'ತಾರಾ' ಎಂಬ ಕಾದಂಬರಿಯನ್ನು 1863ರಲ್ಲಿ ಪ್ರಕಟಿಸಿ ಅಫಜಲಖಾನನನ್ನು ಇಂಗ್ಲಿಷ್ ಓದುಗರ ಮುಂದೆ ನಿಲ್ಲಿಸಿದ್ದನು. ಕಾದಂಬರಿಯು ಪ್ರಮಾಣವಲ್ಲವೆಂದು ಹೇಳಬೇಕಾದುದಿಲ್ಲ. ಆದರೂ ಆ ಶತಮಾನದ ಅಧಿಕಾರಿಗಳು ಬಿಜಾಪುರವನ್ನು ಯಾವ ಮನೋಭಾವದಿಂದ ಸುತ್ತುತ್ತಿದ್ದರೆಂಬುದಕ್ಕೆ ಅದು ಕನ್ನಡಿ. ಹಾಳೂರಿನಲ್ಲಿ ಹಾಳುಗೋರಿಯನ್ನು ಕಂಡವರಿಗೆ ಘೋರವಾದ ಕಥೆಯೇ ರುಚಿಸುತ್ತದೆ.

ಯದುನಾಥ ಸರ್ಕಾರರು 1919ರಲ್ಲಿ ಶಿವಾಜಿಯ ಚರಿತ್ರೆಯನ್ನು ಬರೆಯುವಾಗ ಪತ್ನೀವಧೆಯನ್ನು ಸಮಕಾಲೀನ ಲೇಖಕರ ಮಾತಾಗಿ ಎತ್ತಿಕೊಳ್ಳಲಿಲ್ಲ. ಖಾನನ ಪ್ರಯಾಣದ ಸುತ್ತ ಬೆಳೆದ ಐತಿಹ್ಯಗಳಲ್ಲೊಂದಾಗಿ ಎಣಿಸಿದರು. ಆದರೆ ಅದೇ ಗ್ರಂಥದಲ್ಲಿ ಮತ್ತೊಂದು ಸಂಗತಿಯುಂಟು. ಈ ವ್ಯಾಜ್ಯಕ್ಕೆ ಅದೇ ಮುಖ್ಯವಾದುದೆಂದು ತೋರುತ್ತದೆ. ಖಾನನು ಬಿದ್ದು ಅವನ ಸೈನ್ಯವು ಚದರಿದಾಗ, ಅವನ ಹಿರಿಯ ಮಗ ಫಜಲಖಾನನೂ ಖಾನನ ಅಂತಃಪುರದ ಸ್ತ್ರೀಯರೂ ಖಂಡೋಜಿ ಖೋಪಡೆಯ ನೆರವಿನಿಂದ ಕೊಯನಾ ನದಿಯ ದಂಡೆಯನ್ನು ಹಿಡಿದು ಪಾರಾದರು. ಪತ್ನಿಯರನ್ನೆಲ್ಲ ಬಿಜಾಪುರದಲ್ಲಿ ಮುಳುಗಿಸಿ ಬಂದವನ ಪಾಳೆಯದಲ್ಲಿ ಈ ಸ್ತ್ರೀಯರು ಎಲ್ಲಿಂದ ಬಂದರು? ಇವರು ಉಪಪತ್ನಿಯರು ಅಥವಾ ದಾಸಿಯರು, ವಿವಾಹಿತರಾದವರು ಮಾತ್ರ ಹತರಾದರು ಎಂದು ಸಮಾಧಾನ ಹೇಳಬಹುದು. ಆದರೆ ಪರರ ಪಾಲಾಗಬಾರದೆಂಬ ಶಂಕೆಯೇ ಕೊಲೆಗೆ ಕಾರಣವಾಗಿದ್ದರೆ, ಅಂತಹವನು ತನ್ನ ಅಂತಃಪುರದ ಯಾವ ಸ್ತ್ರೀಯನ್ನಾದರೂ ಶತ್ರುವಿನ ಕಾಡಿನೊಳಕ್ಕೆ ಕರೆದೊಯ್ಯುವನೆ? ಕಥೆಯ ಅಡಿಪಾಯವೇ ಇಲ್ಲಿ ಸಡಿಲವಾಗುತ್ತದೆ.

ಖಾನನ ಕ್ರೌರ್ಯವನ್ನು ಆಧಾರವಾಗಿ ಹಿಡಿಯುವವರೂ ಉಂಟು. ಶಿರೆಯ ದೊರೆ ಕಸ್ತೂರಿರಂಗನು ಶರಣಾಗಲು ಬಂದಾಗ ಅವನನ್ನು ಕೊಲ್ಲಿಸಿದವನು ಅಫಜಲಖಾನನೆಂಬುದು ನಿಜ. ಇನ್ನು ಬಿಜಾಪುರದ ದರಬಾರೋ ಕೊಲೆಗೆ ಹೊಸದಲ್ಲ: 1580ರಲ್ಲಿ ಒಂದನೆಯ ಅಲಿ ಆದಿಲಶಾಹನು ತನ್ನ ಅರಮನೆಯಲ್ಲಿಯೇ ಇರಿತಕ್ಕೆ ಬಲಿಯಾದನು, 1657ರಲ್ಲಿ ವಜೀರ ಖಾನ ಮಹಮ್ಮದನು ರಾಜಧಾನಿಯಲ್ಲಿ ಹತನಾದನು. ಆದರೆ ಇವೆಲ್ಲ ರಾಜಕಾರಣದ ಕೊಲೆಗಳು. ಇವುಗಳಿಂದ ಗೃಹಕೃತ್ಯವು ಸಿದ್ಧವಾಗದು. ಶೀಲವು ಶಂಕೆಗೆ ಎಡೆಮಾಡಿಕೊಡಬಹುದು, ಅಷ್ಟೆ.

ಹಾಗಾದರೆ ಕಲ್ಲುಗಳು ಏನು ಹೇಳುತ್ತವೆ? ಒಂದೇ ಅಚ್ಚಿನ ಗೋರಿಗಳನ್ನು ಒಂದೇ ಅಪ್ಪಣೆಯಿಂದ ಕಟ್ಟಿಸಿರಬೇಕೆಂಬುದು ಸಹಜವಾದ ಊಹೆ. ಆದರೆ ಏಕಕಾಲದಲ್ಲಿ ಕಟ್ಟಿದುದರಿಂದ ಏಕಕಾಲದಲ್ಲಿ ಸತ್ತರೆಂದಾಗುವುದಿಲ್ಲ. ದೊಡ್ಡ ಸರದಾರನ ಮನೆತನದ ಸ್ತ್ರೀಯರಿಗೆಂದೇ ಮೀಸಲಾದ ರುದ್ರಭೂಮಿಗೆ ಮುಂದೆ ಯಾರಾದರೂ ಒಂದೇ ಬಗೆಯ ಕಲ್ಲು ಹೊದಿಸಿರಬಹುದು. ಐದು, ಏಳು, ಹನ್ನೊಂದು ಎಂಬ ಸಾಲುಗಳ ವೈಷಮ್ಯವನ್ನೂ ಗಮನಿಸಬೇಕು: ಒಂದೇ ದಿನ ಅರುವತ್ತಮೂವರನ್ನು ಹೂಳುವವರು ಹನ್ನೊಂದರ ಸಾಲನ್ನು ಐದಕ್ಕೆ ಮುರಿದು ಮತ್ತೆ ಏಳೇಳನ್ನು ಏಕೆ ತೊಡಗಿದರು? ಕಾಲಕಾಲಕ್ಕೆ ಬೆಳೆದ ಸ್ಮಶಾನಕ್ಕೆ ಇದು ಹೆಚ್ಚು ಒಪ್ಪುತ್ತದೆ. ಮಹಾಮಾರಿಯ ಪಕ್ಷವೂ ಒಂದುಂಟು. 1688ರಲ್ಲಿ ಬಿಜಾಪುರಕ್ಕೆ ಬಡಿದ ಉಪದ್ರವದಲ್ಲಿ ಔರಂಗಜೇಬನ ಬೇಗಮಳಾದ ಔರಂಗಾಬಾದಿ ಮಹಲಳೂ ತೀರಿಕೊಂಡಳು. ಆದರೆ ವ್ಯಾಧಿಯು ಗಂಡು ಹೆಣ್ಣೆಂದು ಆರಿಸುವುದಿಲ್ಲ. ಸ್ತ್ರೀಯರ ಗೋರಿಗಳು ಮಾತ್ರವೇ ಇರುವ ಈ ಸ್ಥಳಕ್ಕೆ ಆ ಪಕ್ಷವು ಸಾಲದು. ಬರಿದಾದ ಗುಂಡಿಯಂತೂ ಯಾವ ಪಕ್ಷಕ್ಕೂ ಪ್ರಮಾಣವಾಗಲಾರದು. ಅದು ಬದುಕಿಕೊಂಡವಳಿಗಾಗಿ ಇರಬಹುದು, ಇನ್ನೂ ಸಾಯದಿದ್ದವಳಿಗಾಗಿ ಇರಬಹುದು, ನಿಧಿಯಾಸೆಯವರು ಅಗೆದುದೂ ಆಗಿರಬಹುದು.

ಈ ವಿಷಯದಲ್ಲಿ ಶೋಧಕರು ಗೋರಿಗಳ ಸುತ್ತಲೇ ತಿರುಗುವುದನ್ನು ಬಿಟ್ಟು ದಪ್ತರಗಳ ಕಡೆಗೆ ಹೊರಳುವುದು ಮೇಲು. 1852ರಲ್ಲಿ ಕಾಯಿದೆಯ ಬಲ ಪಡೆದ ಇನಾಮು ಕಮಿಷನ್ನು ದಕ್ಷಿಣ ಮಹಾರಾಷ್ಟ್ರವೆಂದು ಆಗ ಕರೆಯುತ್ತಿದ್ದ ಈ ಕನ್ನಡ ಸೀಮೆಯಲ್ಲಿ ಇನಾಮುದಾರರ ಸನದುಗಳನ್ನೂ ವಂಶಾವಳಿಗಳನ್ನೂ ಕೇಳಿ ತರಿಸಿಕೊಂಡಿತು. ವಂಶಾವಳಿಗಳಲ್ಲಿ ಸ್ತ್ರೀಯರ ಹೆಸರುಗಳು ಬರುವುದು ಅಪರೂಪ. ಆದರೆ ಭೂಮಿಯ ವ್ಯಾಜ್ಯವಿದ್ದಲ್ಲಿ ವಿಧವೆಯ ಹೆಸರು ಬಾರದೆ ಇರುವುದಿಲ್ಲ. ತಿಕೋಟಾ, ಬಬಲೇಶ್ವರಗಳ ಕುಲಕರ್ಣಿ ಮನೆತನಗಳ ಮೋಡಿ ಕಾಗದಗಳನ್ನೂ ಖಾಜಿಗಳ ಮನೆಗಳ ಫಾರಸಿ ಕಾಗದಗಳನ್ನೂ ಈ ದೃಷ್ಟಿಯಿಂದ ಓದಬೇಕು. 1659ರ ಈಚಿನ ತಾರೀಖಿರುವ ಒಂದೇ ಒಂದು ಕಾಗದದಲ್ಲಿ ಅಫಜಲಖಾನನ ವಿಧವೆಯೆಂದು ಒಬ್ಬಳ ಹೆಸರು ದೊರೆತರೂ, 'ಎಲ್ಲ ಹೆಂಡಿರನ್ನೂ' ಎಂಬ ಮಾತು ಅಲ್ಲಿಗೆ ನಿಲ್ಲುತ್ತದೆ.