ಅಸ್ಥಿಮಜ್ಜೆಯೂ ರಕ್ತೋತ್ಪತ್ತಿಯೂ

ರಕ್ತವು ಯಕೃತ್ತಿನಲ್ಲಿ ಹುಟ್ಟುವುದೆಂಬ ಗ್ಯಾಲೆನನ ಮತವು ಯೂರೋಪಿನಲ್ಲಿ ಸುಮಾರು ಹದಿನಾಲ್ಕು ಶತಮಾನಗಳ ಕಾಲ ಪ್ರಮಾಣವಾಗಿದ್ದಿತು. ನಮ್ಮ ಸುಶ್ರುತಸಂಹಿತೆಯೂ ಆಹಾರರಸವು ಯಕೃತ್ತು ಮತ್ತು ಪ್ಲೀಹಗಳನ್ನು ಸೇರಿ ಕೆಂಪೇರುವುದೆಂದೇ ಹೇಳುತ್ತದೆ. ಮಜ್ಜೆಯನ್ನಾದರೋ ಗ್ರೀಕ್ ವೈದ್ಯರು ಮೂಳೆಯ ಆಹಾರವೆಂದು ಎಣಿಸಿದ್ದರು.

1868ರಲ್ಲಿ ಕೋನಿಗ್ಸ್‌ಬರ್ಗಿನ ಅರ್ನ್ಸ್ಟ್ ನಾಯ್ಮನ್ನನು ಮನುಷ್ಯರ ಮತ್ತು ಮೊಲಗಳ ಕೆಂಪು ಮಜ್ಜೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಕೇಂದ್ರಬೀಜವುಳ್ಳ ಕೆಂಪು ರಕ್ತಕಣಗಳನ್ನು ಕಂಡನು. ಅಂತಹ ಕಣಗಳು ಭ್ರೂಣದ ರಕ್ತದಲ್ಲಿರುವುದು ಮೊದಲೇ ವಿದಿತವಾಗಿದ್ದಿತು. ಬೆಳೆದವರ ಮಜ್ಜೆಯಲ್ಲಿಯೂ ಅವು ಇವೆಯೆಂದ ಮೇಲೆ, ಅಲ್ಲಿ ಬಾಳಿನುದ್ದಕ್ಕೂ ರಕ್ತೋತ್ಪತ್ತಿ ನಡೆಯುತ್ತಿರಬೇಕೆಂದು ಅವನು ತರ್ಕಿಸಿದನು. ಅದೇ ವರ್ಷ ಇಟಲಿಯ ಪಾವಿಯಾದಲ್ಲಿ ಬಿಝೋಝೆರೋ ಎಂಬ ಇಪ್ಪತ್ತೆರಡರ ತರುಣನೂ ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದನು. ಇಂದು ಶಾಲಾಬಾಲಕರೂ ಬಲ್ಲ ಈ ಮಾತನ್ನು ಸಮಕಾಲೀನ ಪಂಡಿತರು ಸುಲಭವಾಗಿ ಒಪ್ಪಲಿಲ್ಲ.

ಆದರೆ ಹಳೆಯ ಮತವನ್ನು ಬರಿಯ ಭ್ರಾಂತಿಯೆಂದು ತಳ್ಳಿಹಾಕುವವರೊಡನೆ ನಾವು ಸಮ್ಮತಿಸಲಾರೆವು. ಗರ್ಭಸ್ಥ ಶಿಶುವಿನಲ್ಲಿ ಕೆಲವು ತಿಂಗಳು ಯಕೃತ್ತೇ ರಕ್ತಕಣಗಳ ಮುಖ್ಯ ಜನ್ಮಸ್ಥಾನ. ಪ್ರಾಚೀನರು ಇದನ್ನು ಅರಿತಿದ್ದರೆಂದು ಹೇಳುವುದೂ ಅಷ್ಟೇ ಅವಿಚಾರದ ಮಾತು. ಅವರಿಗೆ ರಕ್ತಕಣವೆಂಬ ವಸ್ತುವೇ ಗೋಚರವಾಗಿರಲಿಲ್ಲ. ಪ್ಲೀಹದ ಸಂಗತಿಯೂ ವಿಚಾರಾರ್ಹವಾದುದು. ಟೊರಾಂಟೋದ ಟಿಲ್ ಮತ್ತು ಮೆಕಲಕ್ ಎಂಬ ವಿದ್ವಾಂಸರು ವಿಕಿರಣಕ್ಕೊಡ್ಡಿದ ಇಲಿಗಳ ರಕ್ತನಾಳಕ್ಕೆ ಮಜ್ಜೆಯ ಜೀವಕಣಗಳನ್ನು ಸೇರಿಸಿದಾಗ, ಹೊಸ ರಕ್ತಕಣಗಳ ಗಂಟುಗಳು ಎದ್ದು ಕಂಡದ್ದು ಪ್ಲೀಹದಲ್ಲಿಯೇ. ಮಜ್ಜೆಯ ಮೂಲಕಣದ ಇರವನ್ನು ತೋರಿಸಿಕೊಟ್ಟ ಆ ಪ್ರಯೋಗವು ಪ್ರಕಟವಾದುದು 1961ರಲ್ಲಿ.