ಮೈನೆರೆದ ಮಗಳ ಆರತಿ

ಹಳೆಯ ಮೈಸೂರು ಸೀಮೆಯ ಗ್ರಾಮಗಳಲ್ಲಿ ಹೆಣ್ಣುಮಗಳೊಬ್ಬಳು ಮೈನೆರೆದಳೆಂಬ ಸುದ್ದಿ ಮೊದಲು ಮುಟ್ಟುತ್ತಿದ್ದುದು ಆಕೆಯ ಸೋದರಮಾವನ ಮನೆಗೆ. ಆತನು ತೆಂಗಿನ ಗರಿಯನ್ನೂ ಹಸಿಸೊಪ್ಪನ್ನೂ ಹೊತ್ತು ತಂದು ಗುಡ್ಲು ಹಾಕಿಕೊಡಬೇಕು. ಹುಡುಗಿ ನೇಮದ ದಿನಗಳಷ್ಟೂ ಅದರೊಳಗೆ ಕುಳಿತಿರಬೇಕು. ದೀಪ ಹಚ್ಚುವ ಹೊತ್ತಿಗೆ ಕೇರಿಯ ಹೆಂಗಸರು ನೆರೆದು, ಆಕೆಯನ್ನು ಹಸೆಯ ಮೇಲೆ ಕುಳ್ಳಿರಿಸಿ, ಸೋಬಾನೆ ಹಾಡುತ್ತ ಆರತಿ ಬೆಳಗಬೇಕು. ಒಕ್ಕಲುಮಕ್ಕಳ ಮನೆಗಳಲ್ಲಿ ಒಸಗೆಯೆನಿಸಿಕೊಂಡು, ವೈದಿಕರಲ್ಲಿ ಋತುಶಾಂತಿಯೆಂಬ ಹೆಸರಿನಿಂದ ಮಂತ್ರಪೂರ್ವಕವಾಗಿ ನಡೆಯುತ್ತಿದ್ದ ಈ ಆಚರಣೆಯಲ್ಲಿ ನನಗೆ ಎಲ್ಲಕ್ಕಿಂತ ಗಣ್ಯವಾಗಿ ಕಾಣುವುದು ಹಾಡೂ ಅಲ್ಲ, ಮಂತ್ರವೂ ಅಲ್ಲ; ನೆರೆಹೊರೆಯವರು ತಂದು ಮಡಿಲಿಗೆ ತುಂಬುತ್ತಿದ್ದ ಎಳ್ಳಿನ ಚಿಗಳಿ, ತಂಬಿಟ್ಟು, ಕೊಬ್ಬರಿ, ಬೆಲ್ಲ. ವರ್ಷವೆಲ್ಲ ಮುದ್ದೆ ಉಪ್ಪೆಸರಿನಲ್ಲಿ ಬೆಳೆದ ಬಡವರ ಮಗಳಿಗೆ, ಅಣ್ಣತಮ್ಮಂದಿರು ಉಂಡು ಮಿಕ್ಕಿದ್ದಲ್ಲದೆ, ತನಗಾಗಿಯೇ ಮಾಡಿದ ಪುಷ್ಟಿಕರವಾದ ತಿನಿಸು ಕೈಗೆ ಬರುತ್ತಿದ್ದುದು ಪ್ರಾಯಶಃ ಅದೇ ಮೊದಲು.

ಆದರೆ ಇಷ್ಟು ಸಂಭ್ರಮದ ನಡುವೆ, ತನ್ನ ಶರೀರದಲ್ಲಿ ಏನು ಸಂಭವಿಸಿತೆಂಬುದನ್ನು ಆ ಹುಡುಗಿಗೆ ತಿಳಿಯಹೇಳುವವರು ಯಾರೂ ಇರಲಿಲ್ಲ. ಊರಿಗೆಲ್ಲ ಸಾರಿದ ಸಂಗತಿಯ ಅರ್ಥ ಊರಿನಲ್ಲಿ ಆಕೆಯೊಬ್ಬಳಿಗೇ ಗುಪ್ತವಾಗಿತ್ತು. ಮರುತಿಂಗಳು ಅದೇ ಸಂಗತಿ ಪುನಃ ಒದಗಿದಾಗ ಸೋದರಮಾವನೂ ಬರಲಿಲ್ಲ, ಚಿಗಳಿಯೂ ಬರಲಿಲ್ಲ. ಹಳೆಯ ಸೀರೆಯ ಒಂದು ಹರಕನ್ನು ಕೈಗಿತ್ತು, ನಡುಮನೆಗೆ ಬಾರದಂತೆ ಮೂಲೆ ತೋರಿಸಲಾಯಿತು. ಮೊದಲನೆಯದು ಮಂಗಳ, ಎರಡನೆಯದು ಮೈಲಿಗೆ! ಈ ವೈರುದ್ಧ್ಯದ ಕಾರಣವನ್ನು ಬಹುಮಟ್ಟಿಗೆ ವಿವಾಹಪದ್ಧತಿಯ ಇತಿಹಾಸದಲ್ಲಿಯೇ ಹುಡುಕಬೇಕಾಗುತ್ತದೆ. ಋತುವಿಗೆ ಮುನ್ನವೇ ಮದುವೆಯಾಗುತ್ತಿದ್ದ ಮನೆತನಗಳಲ್ಲಿ ಈ ಉತ್ಸವವು, ಮಗಳನ್ನು ಗಂಡನ ಮನೆಗೆ ಕಳುಹಿಸುವ ಕಾಲ ಸನ್ನಿಹಿತವಾಯಿತೆಂದು ಬೀಗರಿಗೆ ಕೊಟ್ಟ ಬಹಿರಂಗ ಸೂಚನೆಯಾಗಿತ್ತು. ಉಳಿದವರಲ್ಲಿ ಅದು ವರಾನ್ವೇಷಣೆಯ ಪೀಠಿಕೆ. 8 ವರ್ಷ ತುಂಬದ ಬಾಲಿಕೆಯರ ವಿವಾಹವನ್ನು ನಿಷೇಧಿಸಿದ 1894ರ ಮೈಸೂರಿನ ಶಾಸನವೂ, ಬ್ರಿಟಿಷ್ ಭಾರತದಲ್ಲಿ ಆ ವಯಸ್ಸನ್ನು 14 ಎಂದು ಗೊತ್ತುಪಡಿಸಿದ 1929ರ ಶಾರದಾ ಶಾಸನವೂ ಈ ಸೂಚನೆಯ ಬುಡವನ್ನೇ ಅಲುಗಿಸಿದುವು. ಆದರೂ ವಿವಾಹವಯಸ್ಸಿನ ಕುರಿತು ಅಷ್ಟೊಂದು ವಾದಿಸಿದ ಆ ಕಾಲದ ಸುಧಾರಣಾವಾದಿಗಳ ದೃಷ್ಟಿ ಹುಡುಗಿಯ ಕೈಯಲ್ಲಿದ್ದ ಹರಕುಬಟ್ಟೆಯ ಕಡೆಗೆ, ಅದನ್ನು ಒಗೆದು ಬಿಸಿಲಿನಲ್ಲಿ ಒಣಗಿಸಲೂ ನಾಚಬೇಕಾಗಿದ್ದ ಆಕೆಯ ಸಂಕಟದ ಕಡೆಗೆ ಹೊರಳಿದ್ದು ವಿರಳ.

ನಮ್ಮ ನಾಡಿನಲ್ಲಿ ಬೇರೆಯ ದೃಷ್ಟಿ ಇರಲೇ ಇಲ್ಲವೆಂದಲ್ಲ. ಹನ್ನೆರಡನೆಯ ಶತಮಾನದ ಶರಣರ ಪರಂಪರೆಯು ನಿರಾಕರಿಸಿದ ಪಂಚಸೂತಕಗಳಲ್ಲಿ ರಜಸ್ಸೂತಕವೂ ಒಂದು. ಇಷ್ಟಲಿಂಗವನ್ನು ಧರಿಸಿದ ಹೆಂಗಸಿಗೆ ತಿಂಗಳ ಯಾವ ದಿನವೂ ಪೂಜೆಗೆ ವರ್ಜ್ಯವಲ್ಲ. ತುಳುನಾಡಿನಲ್ಲಂತೂ, ಮಕರಮಾಸದ ಕೊನೆಗೆ ಬರುವ ಕೆಡ್ಡಸದಲ್ಲಿ ಭೂಮಿತಾಯಿಯೇ ಋತುಮತಿಯಾಗುತ್ತಾಳೆ. ಆ ದಿನಗಳಲ್ಲಿ ನೆಲವನ್ನು ಉಳುವುದಿಲ್ಲ, ಅಗೆಯುವುದಿಲ್ಲ. ಹುರಿದ ಅಕ್ಕಿಗೆ ಬೆಲ್ಲ ತೆಂಗಿನಕಾಯಿ ಬೆರೆಸಿದ ನನ್ನೇರಿಯನ್ನು ಹಂಚಿ ತಿನ್ನುತ್ತಾರೆ. ಕಡೆಯ ದಿನ ಅಂಗಳದಲ್ಲಿ ಎಣ್ಣೆ, ಸೀಗೆ, ಕುಂಕುಮಗಳನ್ನಿಟ್ಟು ಭೂದೇವಿಗೆ ಮೀಯಲು ಅನುವು ಮಾಡಿಕೊಡುತ್ತಾರೆ. ನೆಲಕ್ಕೆ ಸಂದ ಈ ವಿಶ್ರಾಂತಿಯೂ ಮರ್ಯಾದೆಯೂ ಅದೇ ಗದ್ದೆಯಲ್ಲಿ ನಾಟಿ ಹಾಕುವ ಕೂಲಿಹೆಣ್ಣಿಗೆ ಎಂದೂ ಸಲ್ಲಲಿಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಟ್ಟನ್ನು ಮೈಲಿಗೆಯೆನ್ನುವ ಪದ್ಧತಿಯ ಅತ್ಯಂತ ಕಠೋರವಾದ ಮುಖವನ್ನು ಕಾಣಬೇಕಾದರೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗೊಲ್ಲರಹಟ್ಟಿಗಳಿಗೆ ಹೋಗಬೇಕು. ದೇವರಿಗೆ ಮೈಲಿಗೆಯಾದೀತೆಂದು ಅಂಜಿದ ಅಲ್ಲಿನ ಕಾಡುಗೊಲ್ಲರು ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿನ ಗುಡಿಸಿಲುಗಳಲ್ಲಿ ಇರಿಸುತ್ತ ಬಂದರು. ಇಂತಹ ಬಹಿಷ್ಕಾರವನ್ನು ಅಪರಾಧವೆಂದು ಸಾರಿದ ಕಾನೂನು 2017ರಲ್ಲಿಯೇ ರಾಜ್ಯದಲ್ಲಿ ಅಂಗೀಕೃತವಾಯಿತು; ಆದರೂ 2023ರ ಜುಲೈನಲ್ಲಿ, ತುಮಕೂರಿನ ಬಳಿಯ ಹಟ್ಟಿಯೊಂದರ ಹೊರಗೆ, ಮಳೆಚಳಿಯಲ್ಲಿ ತಾಯಿಯೊಡನಿದ್ದ ಹಸುಗೂಸೊಂದು ಅಸುನೀಗಿತು. ಸರ್ಕಾರವು ಕೆಲವು ಹಟ್ಟಿಗಳಲ್ಲಿ ಈ ಹೆಂಗಸರ ವಾಸಕ್ಕೆಂದು ಗಟ್ಟಿಯಾದ ಭವನಗಳನ್ನು ಕಟ್ಟಿಸಿಕೊಟ್ಟಿದೆ. ಉದ್ದೇಶ ಒಳ್ಳೆಯದಿರಬಹುದು; ಆದರೆ ಹೊರಗಿಡುವ ಆಚಾರಕ್ಕೆ ಇದರಿಂದ ಗಾರೆಯ ಗೋಡೆ ದೊರೆತಂತಾಯಿತಲ್ಲದೆ ಬೇರೇನೂ ಆಗಲಿಲ್ಲವೆಂದು ನನ್ನ ಭಾವನೆ.

ಇನ್ನು ಹೊಸ ಕಾಲದ ಉತ್ಸವ. ಜರ್ಮನಿಯ ಸಂಸ್ಥೆಯೊಂದರ ಪ್ರೇರಣೆಯಿಂದ 2014ರಲ್ಲಿ ಆರಂಭವಾದ ಋತುಸ್ರಾವ ನೈರ್ಮಲ್ಯ ದಿನವನ್ನು ಮೇ 28ರಂದು ಆಚರಿಸುತ್ತಾರೆ. ಚಕ್ರದ ಸರಾಸರಿ 28 ದಿನ, ಸ್ರಾವದ 5 ದಿನ, ಇವೆರಡರಿಂದ ತಾರೀಖು ಹುಟ್ಟಿತು. ಅದಕ್ಕೂ ಮೊದಲೇ, 2011ರಲ್ಲಿ ಆಶಾ ಕಾರ್ಯಕರ್ತೆಯರು 6 ಪ್ಯಾಡುಗಳ ಕಟ್ಟನ್ನು 6 ರೂಪಾಯಿಗೆ ಹಳ್ಳಿಯ ಹುಡುಗಿಯರಿಗೆ ಮುಟ್ಟಿಸುವ ಕೇಂದ್ರದ ಯೋಜನೆ ಬಂದಿತ್ತು. ಹುಡುಗಿಯರಿಗೆ ಪ್ಯಾಡು ಹಂಚುವ ಕರ್ನಾಟಕದ ಶುಚಿ ಯೋಜನೆ 2013-14ರಲ್ಲಿ ಮೊದಲಾಗಿ, ನಡುವೆ ಕೆಲವು ವರ್ಷ ಸ್ಥಗಿತಗೊಂಡು, 2024ರಲ್ಲಿ ಪುನಃ ಚಾಲನೆ ಪಡೆಯಿತು. ಆ ಸ್ಥಗಿತದ ವರ್ಷಗಳಲ್ಲಿ ಮೈನೆರೆದ ಬಡ ಹುಡುಗಿಯರು ಮತ್ತೆ ಹಳೆಯ ಸೀರೆಯ ಹರಕನ್ನೇ ಆಶ್ರಯಿಸಿದರೆ ಆಶ್ಚರ್ಯವೇನು? ಅದೇನೇ ಇರಲಿ, ಅಂಗನವಾಡಿಯ ಹಜಾರದಲ್ಲಿ ಹುಡುಗಿಯರನ್ನು ಕೂಡಿಸಿ, ಗರ್ಭಾಶಯದ ಚಿತ್ರ ತೋರಿಸಿ, ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆಯನ್ನು ಕೊಟ್ಟು, ಸಂಕೋಚವಿಲ್ಲದೆ ಮಾತನಾಡಿಸುವ ಆಶಾ ಕಾರ್ಯಕರ್ತೆಯು, ಶತಮಾನಗಳ ಸೋಬಾನೆ ಹೇಳದೆ ಬಿಟ್ಟುದನ್ನು ಹೇಳುತ್ತಿದ್ದಾಳೆ.

ಒಂದು ಕೊರತೆ ಮಾತ್ರ ಎದ್ದು ಕಾಣುತ್ತದೆ. ಮೇ 28ರ ಹೊತ್ತಿಗೆ ನಮ್ಮ ಸರ್ಕಾರಿ ಶಾಲೆಗಳ ಬೇಸಿಗೆ ರಜೆ ಸಾಮಾನ್ಯವಾಗಿ ಮುಗಿದಿರುವುದೇ ಇಲ್ಲ. ಯಾರಿಗಾಗಿ ಆ ದಿನ ಮೀಸಲೋ ಆ ಹುಡುಗಿಯರು ಕೂಲಿಗೆ ಹೋದ ತಾಯಂದಿರ ಬೆನ್ನಿಗೆ ಹೊಲದಲ್ಲಿರುತ್ತಾರೆ. ಆದುದರಿಂದ ಶಾಲಾಭಿವೃದ್ಧಿ ಸಮಿತಿಯ ಸದಸ್ಯರಲ್ಲಿ ನನ್ನದೊಂದು ಬಿನ್ನಹ: ಈ ದಿನವನ್ನು ಜೂನ್ ತಿಂಗಳಲ್ಲಿ, ಶಾಲೆ ತೆರೆದ ಮೇಲೆ, ತಾಯಂದಿರನ್ನೂ ಕರೆದು ಆಚರಿಸಿರಿ, ಬಂದವರಿಗೆಲ್ಲ ಚಿಗಳಿ ಹಂಚಿರಿ, ಭಾಷಣಕ್ಕೆ ಮುಂಚೆ ಹೆಣ್ಣುಮಕ್ಕಳ ಶೌಚಾಲಯದ ನಲ್ಲಿಯಲ್ಲಿ ನೀರು ಬರುತ್ತದೆಯೇ, ಬಾಗಿಲಿಗೆ ಚಿಲಕವಿದೆಯೇ ಎಂದು ನೋಡಿಕೊಳ್ಳಿರಿ.